ಒಬ್ಬರೇ ಇದ್ದ ಸಂಪುಟ: ಥುರಿಂಗಿಯಾದ 28 ದಿನ

ಹೋದ ತಿಂಗಳು ಒಂದು ಸಣ್ಣ ಓದುಗರ ಕೂಟದಲ್ಲಿ ಆಡಿದ ಮಾತು ಇದು. ಆಮೇಲೆ ಕೆಲವರು ಬರೆದು ಕೊಡಿ ಅಂದರು. ಅಲ್ಲಿ ಕೈ ಆಡಿಸಿ, ಬೋರ್ಡಿನ ಮೇಲೆ ಲೆಕ್ಕ ಗೀಚಿ ದಾಟಿಸಿದ್ದನ್ನೆಲ್ಲ ಇಲ್ಲಿ ಅಕ್ಷರದಲ್ಲಿ ಕೂರಿಸಿದ್ದೇನೆ. ಕೇಳಿದವರು ನಡುವೆ ಹಾಕಿದ ಪ್ರಶ್ನೆಗಳನ್ನೂ ಹಾಗೇ ಉಳಿಸಿದ್ದೇನೆ. ಅವು ಇಲ್ಲದಿದ್ದರೆ ನಾನು ಕೆಲವು ವಿಷಯ ಹೇಳುತ್ತಲೇ ಇರಲಿಲ್ಲ.

ನಮಸ್ಕಾರ. ಜರ್ಮನಿಯ ನಟ್ಟನಡುವೆ ಥುರಿಂಗಿಯಾ ಅಂತ ಒಂದು ರಾಜ್ಯ ಇದೆ. ಅಲ್ಲಿನ ಜನಸಂಖ್ಯೆ ಸುಮಾರು 21 ಲಕ್ಷ. ಅಂದರೆ ಹೆಚ್ಚುಕಡಿಮೆ ನಮ್ಮ ಒಂದು ಲೋಕಸಭಾ ಕ್ಷೇತ್ರದಷ್ಟು ಜನ. ರಾಜಧಾನಿ ಎರ್ಫುರ್ಟ್. ಕವಿ ಗೊಯೆಟೆ ಬಾಳಿದ ವೈಮಾರ್ ಊರು ಇರುವುದು ಈ ರಾಜ್ಯದಲ್ಲೇ. ಆ ವೈಮಾರ್‌ನ ಪಕ್ಕದ ಗುಡ್ಡದ ಮೇಲೆ ನಾಜಿಗಳು ಬೂಖನ್‌ವಾಲ್ಡ್ ಯಾತನಾ ಶಿಬಿರ ಕಟ್ಟಿದ್ದೂ ಇಲ್ಲೇ. ಈ ಎರಡೂ ಪಕ್ಕಪಕ್ಕ ಇವೆ ಅನ್ನುವುದನ್ನು ಸ್ವಲ್ಪ ನೆನಪಲ್ಲಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

2020ರ ಫೆಬ್ರವರಿ 5, ಬುಧವಾರ, ಈ ರಾಜ್ಯಕ್ಕೆ ಹೊಸ ಮುಖ್ಯಮಂತ್ರಿ ಬಂದರು. ಹೆಸರು ಥಾಮಸ್ ಕೆಮ್ಮರಿಷ್. (ಹೆಸರು ಹೇಳಿದ ಕೂಡಲೇ ಹಿಂದಿನ ಸಾಲಿನಲ್ಲಿ ಯಾರೋ ಬೇಕಂತಲೇ ಕೆಮ್ಮಿದರು. ಇಲ್ಲ ಸ್ವಾಮಿ, ಕೆಮ್ಮಿಗೂ ಅವರಿಗೂ ಸಂಬಂಧ ಇಲ್ಲ. ಆದರೆ ಜಗತ್ತಿಡೀ ಕೆಮ್ಮಿಗೆ ಹೆದರುವ ಕಾಲ ಇನ್ನೊಂದು ತಿಂಗಳಲ್ಲಿ ಬರುವುದಿತ್ತು, ಅದು ಬೇರೆ ಮಾತು.) ಫೆಬ್ರವರಿ 8, ಶನಿವಾರ ಅವರು ರಾಜೀನಾಮೆ ಕೊಟ್ಟರು. ಬೇರೆಯವರು ಬರುವವರೆಗೆ ಕುರ್ಚಿ ಬಿಟ್ಟು ಹೋಗುವ ಹಾಗಿಲ್ಲ, ಹಾಗಾಗಿ ಮಾರ್ಚ್ 4ರವರೆಗೆ ಉಸ್ತುವಾರಿಯಾಗಿ ಕೂತರು. ಒಟ್ಟು 28 ದಿನ. ಎರಡನೇ ಮಹಾಯುದ್ಧದ ನಂತರದ ಪಶ್ಚಿಮ ಜರ್ಮನಿ, ಈಗಿನ ಒಂದಾದ ಜರ್ಮನಿ ಎರಡನ್ನೂ ಸೇರಿಸಿದರೂ ಯಾವ ರಾಜ್ಯದ ಮುಖ್ಯಮಂತ್ರಿಯೂ ಇಷ್ಟು ಕಡಿಮೆ ಕಾಲ ಇದ್ದದ್ದಿಲ್ಲ.

ಈ 28 ದಿನದಲ್ಲಿ ಅವರು ಒಬ್ಬ ಮಂತ್ರಿಯನ್ನೂ ನೇಮಿಸಲಿಲ್ಲ. ಪುಸ್ತಕಗಳಲ್ಲಿ ‘ಕೆಮ್ಮರಿಷ್ ಸಂಪುಟ’ ಅಂತ ಒಂದು ಪಟ್ಟಿ ಸಿಗುತ್ತದೆ, ಅದರಲ್ಲಿ ಇರುವುದು ಒಂದೇ ಹೆಸರು. ಹಣಕಾಸು ಖಾಲಿ, ಗೃಹ ಖಾಲಿ, ಶಿಕ್ಷಣ ಖಾಲಿ. ಹೊಸ ಮುಖ್ಯಮಂತ್ರಿ ಆಯ್ಕೆ ಆದ ಕ್ಷಣಕ್ಕೆ ಹಳೆಯ ಮಂತ್ರಿಗಳ ಕೆಲಸ ಹೋಯಿತು, ಹೊಸಬರು ಬರಲಿಲ್ಲ. ಹಿಂದಿನ ಸರ್ಕಾರ ನೇಮಿಸಿದ್ದ ಇಲಾಖಾ ಕಾರ್ಯದರ್ಶಿಗಳೇ ಫೈಲು ನೋಡಿಕೊಂಡರು. ಬಸ್ಸು ಓಡಿತು, ಶಾಲೆ ನಡೆಯಿತು, ಸಂಬಳ ಬಂತು.

ಒಬ್ಬರು ಇಲ್ಲೇ ತಡೆದು ಕೇಳಿದರು: ನಮ್ಮಲ್ಲೂ ಹೀಗೆ ಆಗಿತ್ತಲ್ಲ? ಆಗಿತ್ತು. 2018ರ ಮೇ ತಿಂಗಳಲ್ಲಿ ಯಡಿಯೂರಪ್ಪನವರು 17ಕ್ಕೆ ಪ್ರಮಾಣ ಮಾಡಿ 19ಕ್ಕೆ ರಾಜೀನಾಮೆ ಕೊಟ್ಟಿದ್ದರು. 2019ರಲ್ಲಿ ಜುಲೈ 26ರಿಂದ ಆಗಸ್ಟ್ 20ರವರೆಗೆ ಅವರೊಬ್ಬರೇ ಸಂಪುಟ ಆಗಿದ್ದರು. ಆದರೆ ಹೋಲಿಕೆ ಅಲ್ಲಿಗೇ ನಿಲ್ಲುತ್ತದೆ. ನಮ್ಮಲ್ಲಿ ರಾಜ್ಯಪಾಲರು ಕರೆದು ಪ್ರಮಾಣ ಮಾಡಿಸುತ್ತಾರೆ, ಬಹುಮತದ ಪರೀಕ್ಷೆ ಆಮೇಲೆ. ಜರ್ಮನಿಯ ರಾಜ್ಯಗಳಲ್ಲಿ ರಾಜ್ಯಪಾಲರು ಅನ್ನುವ ಹುದ್ದೆಯೇ ಇಲ್ಲ. ಥುರಿಂಗಿಯಾದಲ್ಲಿ ಮೊದಲು ಸದನ ಗುಟ್ಟಾಗಿ ಮತ ಹಾಕುತ್ತದೆ. ಚೀಟಿ ಎಣಿಸಿ ಗೆದ್ದವರನ್ನು ಕೇಳುತ್ತಾರೆ: ಈ ಆಯ್ಕೆ ನಿಮಗೆ ಒಪ್ಪಿಗೆಯೇ? ಹೌದು ಅಂದರೆ ಪ್ರಮಾಣ ವಚನ.

ಕತೆಯೆಲ್ಲ ಇರುವುದು ಆ ಪ್ರಶ್ನೆಯಲ್ಲಿ. ಅಥವಾ ಅದಕ್ಕೆ ಬಂದ ಉತ್ತರದಲ್ಲಿ.

ಸ್ವಲ್ಪ ಹಿಂದೆ ಹೋಗೋಣ. 2014ರಿಂದ ಅಲ್ಲಿ ಬೋಡೋ ರಾಮೆಲೊ ಮುಖ್ಯಮಂತ್ರಿ. ಡೀ ಲಿಂಕೆ, ಅಂದರೆ ಎಡಪಕ್ಷದವರು. ಹಳೆಯ ಪೂರ್ವ ಜರ್ಮನಿಯನ್ನು ಆಳಿದ ಪಕ್ಷದ ಬೇರಿನಿಂದ ಬಂದದ್ದು ಅಂತ ಅದನ್ನು ಕಂಡರೆ ಆಗದವರು ಜಾಸ್ತಿ. ಆ ಪಕ್ಷದಿಂದ ಮುಖ್ಯಮಂತ್ರಿ ಆದ ಮೊದಲಿಗರು ಅವರು. ಮನುಷ್ಯ ಮಾತ್ರ ಪೂರ್ವದವರಲ್ಲ, ಪಶ್ಚಿಮದಿಂದ ಬಂದ ಕಾರ್ಮಿಕ ಸಂಘದ ಮುಖಂಡ, ಮೇಲಾಗಿ ಚರ್ಚಿಗೆ ಹೋಗುವ ಕ್ರೈಸ್ತ. ನಡು-ಎಡದ ಎಸ್‌ಪಿಡಿ ಮತ್ತು ಪರಿಸರವಾದಿ ಗ್ರೀನ್ ಪಕ್ಷಗಳ ಜೊತೆ ಸೇರಿ ಒಂದೇ ಸೀಟಿನ ಬಹುಮತದಲ್ಲಿ ಐದು ವರ್ಷ ನಡೆಸಿದರು. ಕೆಟ್ಟದಾಗೇನೂ ನಡೆಸಲಿಲ್ಲ, ಜನಪ್ರಿಯರೇ ಆಗಿದ್ದರು.

2019ರ ಅಕ್ಟೋಬರ್ 27ರಂದು ಚುನಾವಣೆ. ಸದನದಲ್ಲಿ 90 ಸೀಟು. ಲಿಂಕೆ 29, ಎಎಫ್‌ಡಿ 22, ಸಿಡಿಯು 21, ಎಸ್‌ಪಿಡಿ 8, ಗ್ರೀನ್ 5, ಎಫ್‌ಡಿಪಿ 5. ಬಹುಮತಕ್ಕೆ 46 ಬೇಕು. ರಾಮೆಲೊ ಅವರ ಮೂರು ಪಕ್ಷ ಕೂಡಿಸಿದರೆ 42. ನಾಲ್ಕು ಕಡಿಮೆ.

ಈಗ ಎಎಫ್‌ಡಿ ಬಗ್ಗೆ ಎರಡು ಮಾತು. ಬಲಗಡೆಯ, ವಲಸೆ ವಿರೋಧದ ಪಕ್ಷ ಅಂತ ನಿಮಗೆ ಗೊತ್ತು. ಆದರೆ ಥುರಿಂಗಿಯಾದ ಘಟಕ ಆ ಪಕ್ಷದೊಳಗೂ ತೀರಾ ಕಡೆಯ ತುದಿ. ಅದರ ಮುಖಂಡ ಬ್ಯೋರ್ನ್ ಹ್ಯೋಕೆ, ಹಿಂದೆ ಶಾಲೆಯಲ್ಲಿ ಇತಿಹಾಸ ಕಲಿಸುತ್ತಿದ್ದವರು. ಬರ್ಲಿನ್‌ನಲ್ಲಿ ಯಹೂದಿಗಳ ಹತ್ಯಾಕಾಂಡದ ಸ್ಮಾರಕ ಇದೆಯಲ್ಲ, ರಾಜಧಾನಿಯ ನಡುವೆ ನಾಚಿಕೆಯ ಸ್ಮಾರಕ ನೆಟ್ಟುಕೊಂಡ ಜನ ನಾವು ಅಂತ 2017ರಲ್ಲಿ ಡ್ರೆಸ್ಡೆನ್‌ನಲ್ಲಿ ಭಾಷಣ ಮಾಡಿದವರು ಇವರೇ. ಮುಂದೆ 2021ರಲ್ಲಿ ರಾಜ್ಯದ ಗುಪ್ತಚರ ಇಲಾಖೆ ಈ ಘಟಕವನ್ನು ಖಚಿತ ಬಲಪಂಥೀಯ ಉಗ್ರವಾದಿ ಅಂತಲೇ ಗುರುತಿಸಿತು. ಹಾಗಾಗಿ ಇವರ ಜೊತೆ ಯಾರೂ ಕೈ ಜೋಡಿಸುವುದಿಲ್ಲ ಅನ್ನುವುದು ಉಳಿದೆಲ್ಲ ಪಕ್ಷಗಳ ಮಾತು. ಇದಕ್ಕೆ ಜರ್ಮನ್ನರು ‘ಬ್ರಾಂಡ್‌ಮೌವರ್’ ಅನ್ನುತ್ತಾರೆ. ಒಂದು ಮನೆಗೆ ಬೆಂಕಿ ಬಿದ್ದರೆ ಪಕ್ಕದ ಮನೆಗೆ ಹಬ್ಬದ ಹಾಗೆ ನಡುವೆ ಕಟ್ಟುತ್ತಾರಲ್ಲ, ಆ ಗೋಡೆ.

ತಮಾಷೆ ಏನೆಂದರೆ, ಪೂರ್ವ ಜರ್ಮನಿಯ ಈ ರಾಜ್ಯಕ್ಕಾಗಿ ಜಗಳ ಆಡಿದ ಮೂವರೂ ಹುಟ್ಟಿದ್ದು ಪಶ್ಚಿಮದಲ್ಲಿ. ರಾಮೆಲೊ ಹಾಗೇ, ಹ್ಯೋಕೆ ಹಾಗೇ, ಕೆಮ್ಮರಿಷ್ ಕೂಡ. ಕೆಮ್ಮರಿಷ್ ಅವರದು ಆಖೆನ್, ಬೆಲ್ಜಿಯಂ ಗಡಿಯ ಊರು. ಬರ್ಲಿನ್ ಗೋಡೆ ಬಿದ್ದಮೇಲೆ ಎರ್ಫುರ್ಟ್‌ಗೆ ಬಂದು ಕ್ಷೌರದಂಗಡಿಗಳ ಸರಣಿ ಬೆಳೆಸಿದ ಉದ್ಯಮಿ. ಆರು ಮಕ್ಕಳ ತಂದೆ. ಕೌಬಾಯ್ ಬೂಟು ಹಾಕುತ್ತಾರೆ. ತಲೆ ಪೂರ್ತಿ ಬೋಳು. ಜರ್ಮನಿಯಲ್ಲಿ ಬೋಳು ತಲೆ ಅಂದರೆ ನಿಯೋ ನಾಜಿ ಹುಡುಗರ ಗುರುತೂ ಹೌದು. ಅದನ್ನೇ ಇಟ್ಟುಕೊಂಡು 2019ರ ಚುನಾವಣೆಯಲ್ಲಿ ಇವರ ಒಂದು ಪೋಸ್ಟರ್ ಬಂದಿತ್ತು: ಕೊನೆಗೂ ಇತಿಹಾಸದ ಪಾಠ ಗಮನವಿಟ್ಟು ಕೇಳಿದ ಒಂದು ಬೋಳುತಲೆ, ಅಂತ. ನಗಬೇಡಿ. ಮೂರೇ ತಿಂಗಳಲ್ಲಿ ಆ ಪೋಸ್ಟರ್ ಮತ್ತೆ ಹೊರಗೆ ಬಂತು, ಬೇರೆ ಅರ್ಥದಲ್ಲಿ.

ಆಗ ಅವರ ಪಕ್ಷ ಎಫ್‌ಡಿಪಿ, ವ್ಯಾಪಾರಸ್ಥರ ಪರವಾದ ಉದಾರವಾದಿಗಳು. ಸದನ ಸೇರಲು ಕನಿಷ್ಠ ಶೇಕಡಾ 5 ಮತ ಬೇಕು. ಎಣಿಕೆಯ ರಾತ್ರಿ ಇವರು ಆ ಗೆರೆಯನ್ನು ದಾಟಿದ್ದು ಐದೇ ಮತದಿಂದ. ಅಂತಿಮ ಲೆಕ್ಕದಲ್ಲಿ ಅದು 73 ಆಯಿತು. ಎಪ್ಪತ್ತಮೂರು! ಒಂದು ಮದುವೆಯ ಮೊದಲ ಪಂಕ್ತಿಗೂ ಇದಕ್ಕಿಂತ ಜಾಸ್ತಿ ಜನ ಕೂರುತ್ತಾರೆ. ಆ 73 ಜನ ಮನೆಯಲ್ಲೇ ಉಳಿದಿದ್ದರೆ ಈ ಉಪನ್ಯಾಸವೂ ಇಲ್ಲ.

ಸರಿ, 42 ಇದೆ, 46 ಬೇಕು. ಸಿಡಿಯು, ಅಂದರೆ ಆಗ ಜರ್ಮನಿಯ ಚಾನ್ಸಲರ್ (ನಮ್ಮ ಪ್ರಧಾನಿಯ ಹಾಗೆ) ಆಗಿದ್ದ ಮರ್ಕೆಲ್ ಅವರ ಪಕ್ಷ, ಸುಮ್ಮನಿದ್ದುಬಿಟ್ಟರೂ ರಾಮೆಲೊ ಗೆಲ್ಲುತ್ತಿದ್ದರು. ಯಾಕೆ ಅಂತ ಆಮೇಲೆ ಹೇಳುತ್ತೇನೆ. ಆದರೆ ಸಿಡಿಯು ತನ್ನ ಕಾಲಿಗೆ ತಾನೇ ಹಗ್ಗ ಕಟ್ಟಿಕೊಂಡಿತ್ತು. 2018ರ ಡಿಸೆಂಬರ್‌ನ ಹ್ಯಾಂಬರ್ಗ್ ಮಹಾಧಿವೇಶನದಲ್ಲಿ ಒಂದು ನಿರ್ಣಯ ಮಾಡಿದ್ದರು: ಎಎಫ್‌ಡಿ ಜೊತೆಗೂ ಇಲ್ಲ, ಲಿಂಕೆ ಜೊತೆಗೂ ಇಲ್ಲ. ಬರ್ಲಿನ್‌ನಲ್ಲಿ ಕೂತು ನೋಡಿದರೆ ಇದು ಬಹಳ ಸಮತೋಲನದ ನಿರ್ಣಯ. ಎರ್ಫುರ್ಟ್‌ನಲ್ಲಿ ಆ ಎರಡು ಪಕ್ಷ ಸೇರಿದರೆ 51 ಸೀಟು, ಸದನದ ಅರ್ಧಕ್ಕಿಂತ ಜಾಸ್ತಿ. ಇಬ್ಬರ ಜೊತೆಗೂ ಇಲ್ಲ ಅಂದರೆ ಸರ್ಕಾರವೇ ಇಲ್ಲ ಅಂತ ಅರ್ಥ.

ಈಗ ನಿಯಮ. ಸ್ವಲ್ಪ ತಾಳ್ಮೆ ಬೇಕು, ಇದು ಒಣ ವಿಷಯ, ಆದರೆ ಕೀಲಿ ಇರುವುದು ಇಲ್ಲೇ. ಥುರಿಂಗಿಯಾ ಸಂವಿಧಾನದ 70ನೇ ವಿಧಿಯ ಪ್ರಕಾರ ಮೊದಲ ಸುತ್ತಿನಲ್ಲಿ ಗೆಲ್ಲಲು ಒಟ್ಟು ಸದಸ್ಯರಲ್ಲಿ ಅರ್ಧಕ್ಕಿಂತ ಜಾಸ್ತಿ ಮತ ಬೇಕು. ಎರಡನೇ ಸುತ್ತಿನಲ್ಲೂ ಅಷ್ಟೇ. ಆಗಲೂ ಯಾರೂ ಗೆಲ್ಲದಿದ್ದರೆ ಮೂರನೇ ಸುತ್ತು, ಅದರಲ್ಲಿ ಯಾರಿಗೆ ಜಾಸ್ತಿ ಮತ ಬಂತೋ ಅವರೇ ಮುಖ್ಯಮಂತ್ರಿ. ಬಹುಮತ ಬೇಕಿಲ್ಲ. ರಾಜ್ಯಕ್ಕೆ ಸರ್ಕಾರವೇ ಇಲ್ಲದ ಸ್ಥಿತಿ ಬರಬಾರದು ಅಂತ ಒಳ್ಳೆಯ ಮನಸ್ಸಿನಿಂದ ಬರೆದ ಸಾಲು ಅದು. ರಾಮೆಲೊ ನಂಬಿದ್ದೂ ಅದನ್ನೇ. ಮೂರನೇ ಸುತ್ತಿನಲ್ಲಿ ನನ್ನ 42 ನನಗೆ ಬೀಳುತ್ತದೆ, ಸಿಡಿಯು ಮತ್ತು ಎಫ್‌ಡಿಪಿ ಬಲಗಡೆಯವರಿಗೆ ಮತ ಹಾಕುವುದಿಲ್ಲ, ಅಲ್ಪಮತದ ಸರ್ಕಾರ ನಡೆಸುತ್ತೇನೆ, ಅಂತ.

ಇದರಲ್ಲಿ ಒಂದು ಎಡವಟ್ಟು ಇತ್ತು. ಒಬ್ಬರೇ ಅಭ್ಯರ್ಥಿ ಇದ್ದು, ‘ಹೌದು’ಗಿಂತ ‘ಇಲ್ಲ’ ಮತ ಜಾಸ್ತಿ ಬಂದರೆ ಏನು ಮಾಡುವುದು? ಗೆದ್ದ ಹಾಗೋ, ಸೋತ ಹಾಗೋ? ಕಾನೂನು ಪಂಡಿತರಲ್ಲೇ ಎರಡು ಅಭಿಪ್ರಾಯ. ಆ ಜಗಳ ತಪ್ಪಬೇಕಾದರೆ ಎದುರಿಗೆ ಇನ್ನೊಬ್ಬ ಅಭ್ಯರ್ಥಿ ಇರಬೇಕು. ಎಎಫ್‌ಡಿ ಅಭ್ಯರ್ಥಿ ಹಾಕಿದರೆ ನಡುದಾರಿಯ ಮನುಷ್ಯನಾಗಿ ನಾನೂ ನಿಲ್ಲುತ್ತೇನೆ ಅಂತ ಕೆಮ್ಮರಿಷ್ ಹೇಳಿದ್ದರು. ಎಡಕ್ಕೂ ಬೇಡ, ಬಲತುದಿಗೂ ಬೇಡ ಅನ್ನುವವರು ಮತ ಹಾಕಲು ಒಂದು ಹೆಸರು ಇರಲಿ ಅಂತ. ಐದು ಸೀಟಿನ ಪಕ್ಷದ ಮನುಷ್ಯ ಮುಖ್ಯಮಂತ್ರಿ ಆಗುತ್ತಾನೆ ಅಂತ ಯಾರು ಅಂದುಕೊಳ್ಳುತ್ತಾರೆ?

ಎಎಫ್‌ಡಿ ಅಂದುಕೊಂಡಿತು.

ಅವರು ಮೊದಲ ಸುತ್ತಿಗೆ ಹಾಕಿದ್ದು ಕ್ರಿಸ್ಟೋಫ್ ಕಿಂಡರ್‌ಫಾಟರ್ ಅನ್ನುವವರನ್ನು. ಪಕ್ಷಕ್ಕೆ ಸೇರಿದವರಲ್ಲ, ಶಾಸಕರೂ ಅಲ್ಲ, ಸುಂಡ್‌ಹೌಸನ್ ಅನ್ನುವ ಹಳ್ಳಿಯ ಮೇಯರ್. ಬೋರ್ಡಿನ ಮೇಲೆ ಬರೆದಿದ್ದನ್ನು ಇಲ್ಲೂ ಹೇಳುತ್ತೇನೆ. ಮೊದಲ ಸುತ್ತು: ರಾಮೆಲೊ 43, ಕಿಂಡರ್‌ಫಾಟರ್ 25, ಯಾರಿಗೂ ಹಾಕದವರು 22. ಎರಡನೇ ಸುತ್ತು: ರಾಮೆಲೊ 44, ಕಿಂಡರ್‌ಫಾಟರ್ 22, ಯಾರಿಗೂ ಇಲ್ಲ 24. ಇಲ್ಲಿವರೆಗೆ ಎಲ್ಲ ಅಂದುಕೊಂಡ ಹಾಗೇ. ಮೂರನೇ ಸುತ್ತಿಗೆ ಕೆಮ್ಮರಿಷ್ ಹೆಸರು ಸೇರಿತು. ಕಿಂಡರ್‌ಫಾಟರ್ ಹೆಸರನ್ನು ಎಎಫ್‌ಡಿ ತೆಗೆಯಲಿಲ್ಲ, ಚೀಟಿಯಲ್ಲಿ ಹಾಗೇ ಇತ್ತು. ಎಣಿಸಿದಾಗ ರಾಮೆಲೊ 44, ಕೆಮ್ಮರಿಷ್ 45, ಒಬ್ಬರು ಯಾರಿಗೂ ಹಾಕಿಲ್ಲ. ಕಿಂಡರ್‌ಫಾಟರ್ ಸೊನ್ನೆ.

ಆ ಸೊನ್ನೆಯನ್ನು ನೋಡಿ. 22 ಜನರ ಪಕ್ಷ ತಾನೇ ನಿಲ್ಲಿಸಿದ ಅಭ್ಯರ್ಥಿಗೆ ಒಂದೇ ಒಂದು ಮತ ಹಾಕಲಿಲ್ಲ. ಪಾಪದ ಆ ಮೇಯರ್ ಬರೀ ಬೆದರುಬೊಂಬೆ. ಅವರು ನಿಂತರೆ ಕೆಮ್ಮರಿಷ್ ನಿಲ್ಲುತ್ತಾರೆ, ಕೆಮ್ಮರಿಷ್ ನಿಂತರೆ ಸಿಡಿಯು ಅವರಿಗೆ ಹಾಕುತ್ತದೆ, ನಾವೂ ಗುಟ್ಟಾಗಿ ಅದೇ ಹೆಸರಿಗೆ ಸೇರಿಸಿಬಿಟ್ಟರೆ ರಾಮೆಲೊ ಔಟ್. ಅಷ್ಟೇ ಲೆಕ್ಕ. ಚದುರಂಗದಲ್ಲಿ ಕಾಲಾಳು ಕೊಟ್ಟು ರಾಜನನ್ನು ಹಿಡಿಯುವ ಹಾಗೆ.

ಇಲ್ಲಿ ಇನ್ನೊಬ್ಬರು ಕೈ ಎತ್ತಿದರು. ಗುಪ್ತ ಮತದಾನ ಅಂದಿರಿ, ಎಎಫ್‌ಡಿ ಯಾರಿಗೆ ಹಾಕಿತು ಅಂತ ಹೇಗೆ ಹೇಳುತ್ತೀರಿ? ಬಹಳ ಸರಿಯಾದ ಪ್ರಶ್ನೆ. ಚೀಟಿ ಬಿಡಿಸಿ ನೋಡುವುದೇನೂ ಬೇಡ, ಕೂಡಿ ಕಳೆದರೆ ಸಾಕು. ಸಿಡಿಯು 21, ಎಫ್‌ಡಿಪಿ 5. ಇವರೆಲ್ಲ ಒಬ್ಬರೂ ಬಿಡದೆ ಹಾಕಿದರೂ 26. ಕೆಮ್ಮರಿಷ್‌ಗೆ ಬಂದದ್ದು 45. ಇನ್ನು 19 ಮತ ಎಲ್ಲಿಂದ ಬಂತು? ರಾಮೆಲೊ ಅವರ ಕಡೆಯವರೇ 42 ಇದ್ದರು, ಅವರಿಗೆ ಬಿದ್ದದ್ದು 44, ಅಂದರೆ ಆ ಕಡೆಯಿಂದ ಏನೂ ಸೋರಿಲ್ಲ. ಉಳಿದದ್ದು ಎಎಫ್‌ಡಿ ಒಂದೇ. ಅವರೇನು ಮುಚ್ಚಿಡಲೂ ಇಲ್ಲ, ಖುಷಿಯಾಗಿ ಹೇಳಿಕೊಂಡರು.

ಮತ್ತು ಇದನ್ನು ಕೂಡಿ ಕಳೆಯಲು ಸಭಾಂಗಣದಲ್ಲಿ ಯಾರಿಗೂ ಅರ್ಧ ನಿಮಿಷ ಕೂಡ ಬೇಕಿರಲಿಲ್ಲ. ಕೆಮ್ಮರಿಷ್‌ಗೂ ಬೇಕಿರಲಿಲ್ಲ. ಅಂಗಡಿಗಳ ಸರಣಿ ನಡೆಸಿದ ಮನುಷ್ಯನಿಗೆ 45ರಲ್ಲಿ 26 ಕಳೆಯಲು ಬರುವುದಿಲ್ಲವೇ? ಸದನದ ಅಧ್ಯಕ್ಷೆ ಬಿರ್ಗಿಟ್ ಕೆಲ್ಲರ್ ಫಲಿತಾಂಶ ಓದಿದರು. ಆಮೇಲೆ ನಿಯಮದ ಪ್ರಕಾರ ಕೇಳಿದರು, ಆಯ್ಕೆ ಒಪ್ಪುತ್ತೀರಾ ಅಂತ. ಎದುರಿಗೆ ಎರಡು ದಾರಿ ಇತ್ತು. ಇಲ್ಲ ಅಂದಿದ್ದರೆ ಯಾವ ಕಾನೂನೂ ಅವರನ್ನು ತಡೆಯುತ್ತಿರಲಿಲ್ಲ. ಈ ಮತಗಳಿಂದ ನನಗೆ ಕುರ್ಚಿ ಬೇಡ ಅಂದು ಕೂತಿದ್ದರೆ ಜರ್ಮನಿಯಲ್ಲಿ ಇವತ್ತಿಗೂ ಅವರ ಹೆಸರನ್ನು ಬೇರೆ ದನಿಯಲ್ಲಿ ಹೇಳುತ್ತಿದ್ದರು. ಅವರು ಒಪ್ಪುತ್ತೇನೆ ಅಂದರು.

ನಾನು ಆ ವಿಡಿಯೋವನ್ನು ಹಲವು ಸಲ ನೋಡಿದ್ದೇನೆ. ನನಗನಿಸುವುದು, ಅದು ಕಪಟ ಅಲ್ಲ, ದುರಾಸೆಯೂ ಪೂರ್ತಿ ಅಲ್ಲ. ಆಟದಲ್ಲಿ ಗೆದ್ದವರು ಬಹುಮಾನಕ್ಕೆ ಕೈ ಚಾಚುತ್ತಾರಲ್ಲ, ಆ ಅಭ್ಯಾಸ. ಅವರನ್ನು ಮೋಸದಿಂದ ಬೀಳಿಸಿದರು ಅಂತ ವಾದ ಮಾಡುವವರಿದ್ದಾರೆ. ನಿಂತದ್ದರಲ್ಲಿ ಮೋಸ ಹೋದರು ಅಂತ ನಾನೂ ಒಪ್ಪುತ್ತೇನೆ. ಹೌದು ಅಂದದ್ದರಲ್ಲಿ ಒಪ್ಪುವುದಿಲ್ಲ. ಬಲೆ ಹಾಕಿದವರು ಬೇರೆ ಇರಬಹುದು, ಆದರೆ ಬಲೆ ಕಣ್ಣಿಗೆ ಕಂಡಮೇಲೆ ಒಳಗೆ ಕಾಲಿಟ್ಟವರು ಅವರೇ.

ಆಮೇಲೆ ಅಭಿನಂದನೆಯ ಸಾಲು. ಲಿಂಕೆ ಪಕ್ಷದ ಸದನ ನಾಯಕಿ ಸುಸಾನೆ ಹೆನ್ನಿಗ್-ವೆಲ್ಸೋ ಹೂಗುಚ್ಛ ಹಿಡಿದು ಬಂದರು. ರಾಮೆಲೊ ಗೆಲ್ಲುತ್ತಾರೆ ಅಂತ ತಂದಿಟ್ಟಿದ್ದ ಹೂವು. ಕೆಮ್ಮರಿಷ್ ಮುಂದೆ ನಿಂತರು, ಕೈ ಕೊಡಲಿಲ್ಲ, ಹೂವನ್ನು ಅವರ ಕಾಲ ಬಳಿ ಬೀಳಿಸಿ, ಸಣ್ಣಗೆ ತಲೆ ಬಾಗಿಸಿ ಹೊರಟುಹೋದರು. ಎಸೆದದ್ದೂ ಅಲ್ಲ, ಕೊಟ್ಟದ್ದೂ ಅಲ್ಲ. ಬಿಟ್ಟುಬಿಟ್ಟದ್ದು, ಅಷ್ಟೇ. ಜರ್ಮನ್ ರಾಜಕೀಯದಲ್ಲಿ ಆ ವರ್ಷ ಅದಕ್ಕಿಂತ ಜಾಸ್ತಿ ಜನ ನೋಡಿದ ಚಿತ್ರ ಬೇರೆ ಇರಲಿಕ್ಕಿಲ್ಲ. ನನಗೆ ಮಾತ್ರ ಇನ್ನೊಂದು ಚಿತ್ರ ಜಾಸ್ತಿ ಕಾಡುತ್ತದೆ. ಹ್ಯೋಕೆ ಬಂದು, ನಗುತ್ತಾ, ಸ್ವಲ್ಪ ಬಾಗಿ ಕೈ ಕುಲುಕಿದರು. ಆ ಫೋಟೋವನ್ನು ರಾಮೆಲೊ ಟ್ವಿಟರಿನಲ್ಲಿ ಹಾಕಿದರು, ಪಕ್ಕದಲ್ಲೇ 1933ರ ಫೋಟೋ. ಪಾಟ್ಸ್‌ಡಾಮ್‌ನಲ್ಲಿ ಹಿಟ್ಲರ್ ಬಾಗಿ ಆಗಿನ ರಾಷ್ಟ್ರಾಧ್ಯಕ್ಷ ಹಿಂಡನ್‌ಬರ್ಗ್ ಕೈ ಕುಲುಕುತ್ತಿರುವುದು.

ಇದು ಅತಿಯಾಯಿತು ಅಂತ ನಿಮಗೆ ಅನಿಸಬಹುದು. ನನಗೂ ಮೊದಲು ಅನಿಸಿತು. ಒಂದು ಸಣ್ಣ ರಾಜ್ಯ, ಒಂದು ವಿಚಿತ್ರ ಮತ ಎಣಿಕೆ, ಅದಕ್ಕೆ ಹಿಟ್ಲರ್ ಯಾಕೆ? ಆದರೆ ಅದು ಬೇರೆ ಯಾವುದೋ ರಾಜ್ಯ ಆಗಿರಲಿಲ್ಲ, ಥುರಿಂಗಿಯಾ ಆಗಿತ್ತು. ಜರ್ಮನಿಯಲ್ಲಿ ನಾಜಿಗಳಿಗೆ ಮೊದಲ ಮಂತ್ರಿ ಸ್ಥಾನ ಸಿಕ್ಕಿದ್ದು ಇಲ್ಲೇ. 1930ರ ಜನವರಿಯಲ್ಲಿ ವಿಲ್ಹೆಲ್ಮ್ ಫ್ರಿಕ್ ಅನ್ನುವವನು ಗೃಹ ಮತ್ತು ಶಿಕ್ಷಣ ಮಂತ್ರಿಯಾದ. ಆಗ ರಾಜಧಾನಿ ವೈಮಾರ್. ಬಲಗಡೆಯ ಪಕ್ಷಗಳಿಗೆ ಬಹುಮತಕ್ಕೆ ನಾಜಿಗಳ ಕೆಲವು ಸೀಟು ಬೇಕಿತ್ತು, ಎರಡು ಖಾತೆ ಕೊಟ್ಟರೆ ಏನಾಗುತ್ತದೆ ಅಂದುಕೊಂಡರು. ಹಿಟ್ಲರ್ ಕೇಳಿದ್ದು ಆ ಎರಡನ್ನೇ: ಒಂದರಲ್ಲಿ ಪೊಲೀಸರು ಇದ್ದರು, ಇನ್ನೊಂದರಲ್ಲಿ ಶಾಲೆಗಳು. ಥುರಿಂಗಿಯಾದಲ್ಲಿ ನಾವು ಇಲ್ಲದೆ ಏನೂ ನಡೆಯದ ಪಕ್ಷ ಆಗಿದ್ದೇವೆ ಅಂತ ಆ ಫೆಬ್ರವರಿಯಲ್ಲೇ ಅವನು ಪತ್ರದಲ್ಲಿ ಖುಷಿಪಟ್ಟಿದ್ದ.

ಫ್ರಿಕ್ ಇದ್ದದ್ದು 14 ತಿಂಗಳು. ಅಷ್ಟರಲ್ಲಿ ಯೇನಾ ವಿಶ್ವವಿದ್ಯಾಲಯದಲ್ಲಿ ಜನಾಂಗ ‘ಶಾಸ್ತ್ರ’ಕ್ಕೆ ಪೀಠ ಬಂತು. ವೈಮಾರ್‌ನ ಮ್ಯೂಸಿಯಂನಿಂದ ಆಧುನಿಕ ಚಿತ್ರಗಳನ್ನು ಇಳಿಸಿದರು. ಇನ್ನೊಂದು ನಗೆಪಾಟಲಿನ ವಿಷಯ: ಹಿಟ್ಲರ್ ಆಸ್ಟ್ರಿಯಾದವನು, ಜರ್ಮನ್ ಪೌರತ್ವ ಇರಲಿಲ್ಲ. ಸರ್ಕಾರಿ ನೌಕರಿ ಸಿಕ್ಕರೆ ಪೌರತ್ವ ತಾನಾಗಿ ಬರುತ್ತದೆ. ಹಾಗಾಗಿ ಫ್ರಿಕ್ ಅವನನ್ನು ಹಿಲ್ಡ್‌ಬರ್ಗ್‌ಹೌಸನ್ ಅನ್ನುವ ಪುಟ್ಟ ಊರಿಗೆ ಪೊಲೀಸ್ ಅಧಿಕಾರಿ ಮಾಡಲು ಹೊರಟಿದ್ದ! ಅದು ಬಯಲಾದಾಗ ಜನ ಬಿದ್ದು ಬಿದ್ದು ನಕ್ಕರು. 1931ರ ಏಪ್ರಿಲ್ 1ರಂದು ಅವಿಶ್ವಾಸ ಮತದಲ್ಲಿ ಫ್ರಿಕ್ ಹೋದ. ಮುಗಿಯಿತು ಅಂದುಕೊಂಡರು. 1933ರಲ್ಲಿ ಅದೇ ಫ್ರಿಕ್ ಇಡೀ ಜರ್ಮನಿಯ ಗೃಹ ಮಂತ್ರಿ. 1946ರಲ್ಲಿ ನ್ಯೂರೆಂಬರ್ಗ್‌ನಲ್ಲಿ ಗಲ್ಲಿಗೆ ಹೋದ.

ಇದನ್ನು ಅಲ್ಲಿನ ಮಕ್ಕಳು ಪಾಠದಲ್ಲಿ ಓದುತ್ತಾರೆ. ಅದಕ್ಕೇ ಬುಧವಾರ ಸಂಜೆಯೇ ಎರ್ಫುರ್ಟ್‌ನಲ್ಲಿ, ಬರ್ಲಿನ್‌ನ ಎಫ್‌ಡಿಪಿ ಕಚೇರಿಯ ಮುಂದೆ, ಬೇರೆ ಬೇರೆ ಊರುಗಳಲ್ಲಿ ಜನ ಬೀದಿಗೆ ಬಂದರು. ಕೆಮ್ಮರಿಷ್ ಸದನದಲ್ಲೇ ಹೇಳಿದ್ದರು, ಎಎಫ್‌ಡಿ ಜೊತೆ ಕೆಲಸ ಮಾಡುವುದಿಲ್ಲ, ಸಿಡಿಯು, ಎಸ್‌ಪಿಡಿ, ಗ್ರೀನ್ ಬನ್ನಿ ಅಂತ. ಎಸ್‌ಪಿಡಿ, ಗ್ರೀನ್ ಎರಡೂ ಮುಖಕ್ಕೆ ಹೊಡೆದ ಹಾಗೆ ಇಲ್ಲ ಅಂದವು. ಮಂತ್ರಿಗಳು ಯಾಕೆ ಬರಲಿಲ್ಲ ಅಂದರೆ ಇದಕ್ಕೇ. ಆ ಮೇಜಿಗೆ ಬಂದು ಕೂರುವವರೇ ಇರಲಿಲ್ಲ.

ಆಗ ಮರ್ಕೆಲ್ ದಕ್ಷಿಣ ಆಫ್ರಿಕಾ ಪ್ರವಾಸದಲ್ಲಿದ್ದರು. ಪ್ರಿಟೋರಿಯಾದಲ್ಲಿ ಅಧ್ಯಕ್ಷ ರಾಮಫೋಸ ಪಕ್ಕದಲ್ಲಿ ನಿಂತು, ಇದು ಕ್ಷಮಿಸಲಾಗದ್ದು, ಈ ಫಲಿತಾಂಶವನ್ನು ಹಿಂದಕ್ಕೆ ತಿರುಗಿಸಬೇಕು ಅಂದರು. ಅವತ್ತೇ, ಗುರುವಾರ, ಎಫ್‌ಡಿಪಿ ರಾಷ್ಟ್ರೀಯ ಅಧ್ಯಕ್ಷ ಕ್ರಿಸ್ಟಿಯಾನ್ ಲಿಂಡ್ನರ್ ಎರ್ಫುರ್ಟ್‌ಗೆ ಓಡಿಬಂದರು, ಕೆಮ್ಮರಿಷ್ ಕುರ್ಚಿ ಬಿಡುವುದಾಗಿ ಹೇಳಿದರು. ಶನಿವಾರ ಬಿಟ್ಟರು. ಅಷ್ಟರಲ್ಲಿ ಮನೆಗೆ ಪೊಲೀಸ್ ಕಾವಲು ಬಂದಿತ್ತು. ಆ ಕುಟುಂಬ ಅನುಭವಿಸಿದ್ದು ಸರಿಯಲ್ಲ, ಇದನ್ನೂ ಹೇಳಲೇಬೇಕು.

ಮರ್ಕೆಲ್ ಮಾತಿಗೆ ಒಂದು ಬಾಲ ಇದೆ. ಎಎಫ್‌ಡಿ ಕೋರ್ಟಿಗೆ ಹೋಯಿತು. 2022ರ ಜೂನ್ 15ರಂದು ಜರ್ಮನಿಯ ಸಾಂವಿಧಾನಿಕ ನ್ಯಾಯಾಲಯ ಎಎಫ್‌ಡಿ ಪರವಾಗಿ ತೀರ್ಪು ಕೊಟ್ಟಿತು. ಚಾನ್ಸಲರ್ ಕುರ್ಚಿಯಲ್ಲಿ ಕೂತು, ಸರ್ಕಾರಿ ವೇದಿಕೆಯಲ್ಲಿ ನಿಂತು, ಒಂದು ಪಕ್ಷದ ವಿರುದ್ಧ ಹಾಗೆ ಮಾತಾಡುವ ಹಾಗಿಲ್ಲ, ಪಕ್ಷಗಳಿಗೆ ಸಮಾನ ಅವಕಾಶದ ಹಕ್ಕಿದೆ ಅಂತ. ನ್ಯಾಯಾಧೀಶರೂ ಒಡೆದರು, 5-3. ಮರ್ಕೆಲ್ ಹೇಳಿದ್ದು ಸರಿ ಅಂತ ನನಗೆ ಅನಿಸುತ್ತದೆ. ಕೋರ್ಟು ಹೇಳಿದ್ದೂ ಸರಿ ಅಂತ ಅನಿಸುತ್ತದೆ. ಎರಡೂ ಹೇಗೆ ಸರಿ ಅಂತ ಸಭೆಯಲ್ಲಿ ಒಬ್ಬರು ಜೋರಾಗಿ ಕೇಳಿದರು. ಚಹಾ ಕುಡಿಯುವಾಗಲೂ ಆ ವಾದ ಮುಗಿಯಲಿಲ್ಲ.

ಈಗ ಬಿದ್ದವರ ಲೆಕ್ಕ. ಒಂದು ಕೆಲಸವನ್ನೂ ಮಾಡದ ಈ ಸರ್ಕಾರ ಎಷ್ಟು ಜನರ ಕೆಲಸ ತೆಗೆಯಿತು ನೋಡಿ. ಪೂರ್ವದ ರಾಜ್ಯಗಳ ಉಸ್ತುವಾರಿಯಾಗಿದ್ದ ಕ್ರಿಸ್ಟಿಯಾನ್ ಹಿರ್ಟೆ, ಸಿಡಿಯು ಮನುಷ್ಯ, ಬುಧವಾರ ಅಭಿನಂದನೆಯ ಟ್ವೀಟ್ ಹಾಕಿದ್ದರು. ಶನಿವಾರ ಹುದ್ದೆ ಹೋಯಿತು. ರಾಜ್ಯದ ಸಿಡಿಯು ಮುಖಂಡ ಮೈಕ್ ಮೋರಿಂಗ್ ಸದನ ನಾಯಕತ್ವ ಬಿಟ್ಟರು, ಆ ಜಾಗಕ್ಕೆ ಮಾರಿಯೊ ಫೋಗ್ಟ್ ಬಂದರು. ಹೆಸರು ನೆನಪಿಡಿ. ಇನ್ನು ದೊಡ್ಡ ಮೀನು: ಮರ್ಕೆಲ್ ನಂತರ ಚಾನ್ಸಲರ್ ಆಗಬಹುದು ಅಂತ ಎಲ್ಲರೂ ನೋಡುತ್ತಿದ್ದ ಸಿಡಿಯು ಅಧ್ಯಕ್ಷೆ ಆನೆಗ್ರೆಟ್ ಕ್ರಾಂಪ್-ಕಾರೆನ್‌ಬೌವರ್. ಎರ್ಫುರ್ಟ್ ಘಟಕಕ್ಕೆ ಬೇಡ ಬೇಡ ಅಂದರೂ ಅದು ಕೇಳಲಿಲ್ಲ ಅಂತ ಅವರೇ ಒಪ್ಪಿಕೊಂಡಿದ್ದರು. ಪಕ್ಷ ತಮ್ಮ ಮಾತು ಕೇಳುವುದಿಲ್ಲ ಅಂತ ಊರಿಗೆಲ್ಲ ಗೊತ್ತಾದಮೇಲೆ ಇನ್ನೇನು? ಫೆಬ್ರವರಿ 10, ಸೋಮವಾರ, ಚಾನ್ಸಲರ್ ಸ್ಪರ್ಧೆಯೂ ಬೇಡ, ಅಧ್ಯಕ್ಷಗಿರಿಯೂ ಬೇಡ ಅಂದರು.

ಖಾಲಿ ಸಂಪುಟಕ್ಕೆ ಇನ್ನೊಂದು ಪರಿಣಾಮ ಇತ್ತು. ಬರ್ಲಿನ್‌ನಲ್ಲಿ ರಾಜ್ಯಗಳ ಸದನ ಇದೆ, ಬುಂಡೆಸ್‌ರಾಟ್. ನಮ್ಮ ರಾಜ್ಯಸಭೆಯ ಹಾಗಲ್ಲ, ಅಲ್ಲಿ ರಾಜ್ಯ ಸರ್ಕಾರದ ಸದಸ್ಯರೇ ಹೋಗಿ ಕೂತು ಮತ ಹಾಕಬೇಕು. ಥುರಿಂಗಿಯಾಕ್ಕೆ ನಾಲ್ಕು ಮತ. ಸರ್ಕಾರದಲ್ಲಿ ಇದ್ದದ್ದೇ ಒಬ್ಬರು, ಅವರೂ ಫೆಬ್ರವರಿ 14ರ ಸಭೆಗೆ ಹೋಗಲಿಲ್ಲ. ಒಂದು ಇಡೀ ರಾಜ್ಯ ಅವತ್ತು ಗೈರುಹಾಜರು.

ಬಿಡಿಸುವುದಕ್ಕೂ ಒದ್ದಾಡಿದರು. ಹಿಂದೆ ಸಿಡಿಯುನಿಂದ ಮುಖ್ಯಮಂತ್ರಿ ಆಗಿದ್ದ ಕ್ರಿಸ್ಟೀನೆ ಲೀಬರ್‌ಕ್ನೆಖ್ಟ್ ಕೆಲವು ವಾರ ಕೂರಲಿ, ಮೂರು ಮಂತ್ರಿ ಸಾಕು, ಬೇಗ ಚುನಾವಣೆ ಮಾಡೋಣ ಅಂತ ರಾಮೆಲೊ ಹೇಳಿದರು. ತಮ್ಮ ಕುರ್ಚಿಯನ್ನು ಎದುರು ಪಕ್ಷದವರಿಗೇ ಕೊಡಲು ಹೊರಟ ಮಾತು ಅದು. ಸಿಡಿಯು ಮೀನ ಮೇಷ ಎಣಿಸಿತು, ಲೀಬರ್‌ಕ್ನೆಖ್ಟ್ ಬೇಸತ್ತು ಹಿಂದೆ ಸರಿದರು. ಕೊನೆಗೆ ಫೆಬ್ರವರಿ 21ಕ್ಕೆ ಒಂದು ಒಪ್ಪಂದ ಆಯಿತು: ರಾಮೆಲೊ ಮತ್ತೆ ಬರಲಿ, 2021ರ ಏಪ್ರಿಲ್‌ನಲ್ಲಿ ಹೊಸ ಚುನಾವಣೆ.

ಮಾರ್ಚ್ 4. ಮತ್ತೆ ಮೂರು ಸುತ್ತು. ಈ ಸಲ ಹ್ಯೋಕೆ ತಾವೇ ನಿಂತು ಎರಡು ಸುತ್ತು ಸೋತು ಹಿಂದೆ ಸರಿದರು. ಮೂರನೇ ಸುತ್ತು: ಹೌದು 42, ಇಲ್ಲ 23, ಯಾರಿಗೂ ಹಾಕದವರು 20. ಕೂಡಿಸಿ ನೋಡಿ, 85 ಬರುತ್ತದೆ. ಎಫ್‌ಡಿಪಿಯ ಐವರು ಸೀಟಿನಿಂದ ಏಳಲೇ ಇಲ್ಲ. ಇನ್ನು ಆ 20. ಸಿಡಿಯು ಸುಮ್ಮನಿದ್ದರೆ ರಾಮೆಲೊ ಗೆಲ್ಲುತ್ತಿದ್ದರು ಅಂದೆನಲ್ಲ, ಈಗ ಅದನ್ನೇ ಮಾಡಿದರು. ನಾಲ್ಕು ವಾರದ ಹಿಂದೆ ಮಾಡಬಹುದಾಗಿದ್ದನ್ನು, ಒಬ್ಬ ಅಧ್ಯಕ್ಷೆಯನ್ನು ಕಳೆದುಕೊಂಡಮೇಲೆ. ಹ್ಯೋಕೆ ಬಂದು ಕೈ ಚಾಚಿದರು, ರಾಮೆಲೊ ಕೊಡಲಿಲ್ಲ.

ಆ 2021ರ ಚುನಾವಣೆ ಏನಾಯಿತು ಅಂತ ಕೇಳಿದಿರಿ. ನಡೆಯಲಿಲ್ಲ. ಕೊರೋನಾ ಅಂತ ಏಪ್ರಿಲ್‌ನಿಂದ ಸೆಪ್ಟೆಂಬರಿಗೆ ಹೋಯಿತು. ಸದನ ವಿಸರ್ಜನೆಗೆ ಮೂರನೇ ಎರಡು ಭಾಗ ಮತ ಬೇಕು, ಅಷ್ಟು ಬರುವುದು ಅನುಮಾನ, ಎಎಫ್‌ಡಿ ಮತದಿಂದ ಅದು ನಿರ್ಧಾರ ಆಗುವುದು ಬೇಡ ಅಂತ ಜುಲೈನಲ್ಲಿ ಪ್ರಸ್ತಾವವನ್ನೇ ವಾಪಸ್ ತೆಗೆದುಕೊಂಡರು. ರಾಮೆಲೊ ಅಲ್ಪಮತದಲ್ಲೇ 2024ರವರೆಗೆ ಎಳೆದರು.

2024ರ ಸೆಪ್ಟೆಂಬರ್ 1ರ ಚುನಾವಣೆಯಲ್ಲಿ ಎಎಫ್‌ಡಿ ಶೇಕಡಾ 32.8 ಪಡೆದು ಮೊದಲ ಸ್ಥಾನಕ್ಕೆ ಬಂತು. ಎರಡನೇ ಮಹಾಯುದ್ಧದ ನಂತರ ಬಲತುದಿಯ ಪಕ್ಷವೊಂದು ಜರ್ಮನಿಯ ರಾಜ್ಯ ಚುನಾವಣೆಯಲ್ಲಿ ಮೊದಲು ಬಂದದ್ದು ಅದೇ ಮೊದಲು. ಲಿಂಕೆ 13.1ಕ್ಕೆ ಇಳಿಯಿತು. ಎಫ್‌ಡಿಪಿಗೆ ಮತ್ತೆ ಕೆಮ್ಮರಿಷ್ ಅವರದೇ ನಾಯಕತ್ವ, ರಾಷ್ಟ್ರೀಯ ಪಕ್ಷ ನಯಾ ಪೈಸೆ ಕೊಡುವುದಿಲ್ಲ ಅಂದಿತ್ತು. ಬಂದದ್ದು 1.1. ಆ 73 ಮತದ ಪಕ್ಷ ಸದನದಿಂದ ಹೊರಗೆ.

ಕೊನೆಯ ಪ್ರಶ್ನೆ ಒಬ್ಬ ಕಾಲೇಜು ಹುಡುಗಿಯದು. ಆ ಮೂರನೇ ಸುತ್ತಿನ ನಿಯಮದಿಂದ 2024ರಲ್ಲೂ ತೊಂದರೆ ಆಯಿತಾ? ಭಯ ಇತ್ತು. ಸಿಡಿಯು, ಎಸ್‌ಪಿಡಿ ಮತ್ತು ಹೊಸ ಪಕ್ಷ ಬಿಎಸ್‌ಡಬ್ಲ್ಯೂ ಸೇರಿ ಮಾಡಿಕೊಂಡ ಕೂಟಕ್ಕೆ 88ರಲ್ಲಿ 44 ಸೀಟು, ಸರಿಯಾಗಿ ಅರ್ಧ, ಬಹುಮತಕ್ಕೆ ಒಂದು ಕಡಿಮೆ. ಹ್ಯೋಕೆ ಕಡೆ 32. ಮೂರನೇ ಸುತ್ತಿಗೆ ಹೋದರೆ ಏನು ಎತ್ತ ಅಂತ ಪತ್ರಿಕೆಗಳಲ್ಲಿ ವಾರಗಟ್ಟಲೆ ಚರ್ಚೆ. ಡಿಸೆಂಬರ್ 12ರಂದು ಮತದಾನ. ಅಭ್ಯರ್ಥಿ ಮಾರಿಯೊ ಫೋಗ್ಟ್. ಮೊದಲ ಸುತ್ತಿನಲ್ಲೇ 51 ಮತ ಬಂತು, ಕೂಟದಾಚೆಯಿಂದ ಏಳು. ಸಿಡಿಯು ಮುಟ್ಟಲೇಬಾರದು ಅಂದಿದ್ದ ಲಿಂಕೆಯ ಬೆಂಚು ಅಲ್ಲೇ ಎದುರಿಗಿತ್ತು. ಒಪ್ಪಿಗೆಯೇ ಅಂತ ಕೇಳಿದರು. ಫೋಗ್ಟ್ ಹೌದು ಅಂದರು, ಅವತ್ತೇ ಮಂತ್ರಿಗಳ ಹೆಸರು ತಯಾರಿತ್ತು.